ಮೊದಲು ಬಾಗಿಲಿನ ಲೆಕ್ಕ, ಆಮೇಲೆ ಹಿಟ್ಟಿನದು: ಕರಾವಳಿ ಮನೆಯಲ್ಲಿ ಕ್ರಿಸ್ಮಸ್ ತಯಾರಿ ಹೀಗೆ

ನವೆಂಬರ್ ಕೊನೆಯ ವಾರ ಬಂತೆಂದರೆ ನನ್ನ ಅಮ್ಮ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಅದರ ಹಿಂಬದಿಯಲ್ಲಿ ಒಂದು ಪಟ್ಟಿ ಬರೆಯಲು ಕೂರುತ್ತಿದ್ದರು. ಅದರಲ್ಲಿ ಮೈದಾ, ಸಕ್ಕರೆ, ತುಪ್ಪ ಯಾವುದೂ ಇರುತ್ತಿರಲಿಲ್ಲ. ಇರುತ್ತಿದ್ದದ್ದು ಬರೀ ಮನೆಗಳು. ಕೆಳಗಿನ ಗದ್ದೆಯ ಮನೆ, ಭಟ್ಟರ ಮನೆ, ಅಂಗಡಿ ಬ್ಯಾರಿಗಳ ಮನೆ, ಅಂಚೆಯವರು, ಆ ವರ್ಷ ಗಂಡನನ್ನು ಕಳಕೊಂಡ ಮೂಲೆಮನೆಯ ಅಕ್ಕ. "ಮೊದಲು ಬಾಗಿಲಿನ ಲೆಕ್ಕ ಆಗಲಿ, ಹಿಟ್ಟಿನ ಲೆಕ್ಕ ಮತ್ತೆ" ಎನ್ನುತ್ತಿದ್ದರು.

ನಾನು ಈಗ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿದ್ದೇನೆ. ಎರಡು ಮೂರು ವರ್ಷ ಇಲ್ಲಿ ಕ್ರಿಸ್ಮಸ್ ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ದೀಪದ ಸರ ತಂದೆ, ಕೇಕು ತಂದೆ, ಹೊಸ ಬಟ್ಟೆಯೂ ಆಯಿತು, ಆದರೂ ಹಬ್ಬದ ಗೌಜಿ ಮನೆಯೊಳಗೆ ಬರಲಿಲ್ಲ. ನಾಲ್ಕನೇ ವರ್ಷ ಅಮ್ಮನ ಹಾಗೆ ಪಟ್ಟಿಯಿಂದ ಶುರು ಮಾಡಿದೆ. ಅಲ್ಲಿಂದ ಹಬ್ಬ ಮತ್ತೆ ಮನೆಗೆ ಬಂತು. ಮಂಗಳೂರು ಕಡೆಯ ಕ್ರೈಸ್ತ ಮನೆಗಳಲ್ಲಿ ನಡೆಯುವ ಆ ಕ್ರಮವನ್ನು ದಿನದ ಲೆಕ್ಕದಲ್ಲಿ ಇಲ್ಲಿ ಬರೆದಿದ್ದೇನೆ. ನೀವು ಕ್ರೈಸ್ತರೇ ಆಗಿರಬೇಕೆಂದಿಲ್ಲ. ನಮ್ಮ ಊರಿನಲ್ಲಿ ನಕ್ಷತ್ರ ಕಟ್ಟಲು ಬರುತ್ತಿದ್ದ ಹುಡುಗರಲ್ಲಿ ಅರ್ಧಕ್ಕರ್ಧ ಮಂದಿ ಇಗರ್ಜಿಯ (ಚರ್ಚಿನ) ಒಳಗೆ ಕಾಲಿಟ್ಟವರಲ್ಲ.

ಮೊದಲ ಹೆಜ್ಜೆ: ಮನೆಗಳ ಪಟ್ಟಿ

ಒಂದು ಸಂಜೆ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಬರೆಯಿರಿ. ಅಕ್ಕಪಕ್ಕದವರು ಮೊದಲು. ಆಮೇಲೆ ವರ್ಷವಿಡೀ ನಿಮಗಾಗಿ ಕೆಲಸ ಮಾಡಿದವರು: ಮನೆಗೆಲಸದವರು, ವಾಚ್‌ಮನ್, ಕಸ ಒಯ್ಯುವವರು, ಹಾಲಿನವರು. ಕೊನೆಗೆ, ಈ ಹಬ್ಬಕ್ಕೆ ಒಬ್ಬಂಟಿಯಾಗಿ ಉಳಿಯುವವರು ಯಾರೆಂದು ಯೋಚಿಸಿ. ಈ ಮೂರನೆಯ ಭಾಗಕ್ಕೆ ಹೆಚ್ಚು ಹೊತ್ತು ಬೇಕು, ಏಕೆಂದರೆ ಅಂಥವರ ಹೆಸರು ತಟ್ಟನೆ ನೆನಪಾಗುವುದಿಲ್ಲ. ನಮ್ಮ ಪಟ್ಟಿಗೆ ಮೇಲಿನ ಮಹಡಿಯ ನಿವೃತ್ತ ಮೇಷ್ಟ್ರ ಹೆಸರನ್ನು ಸೇರಿಸಿದ್ದು ಒಂಬತ್ತು ವರ್ಷದ ಮಗಳು. ಅವರ ಮಕ್ಕಳು ಊರಲ್ಲಿಲ್ಲ ಎಂಬುದು ಲಿಫ್ಟಿನಲ್ಲಿ ಮಾತಾಡುವಾಗ ಅವಳಿಗೆ ಗೊತ್ತಾಗಿತ್ತು.

ಹೆಸರಿನ ಮುಂದೆ ಒಂದು ಸಣ್ಣ ಗುರುತು ಹಾಕಿಡಿ: ಮೊಟ್ಟೆ ತಿನ್ನುವುದಿಲ್ಲ, ಸಕ್ಕರೆ ಕಾಯಿಲೆ ಇದೆ, ಸಣ್ಣ ಮಗು ಇದೆ, ಸೂತಕದ ಮನೆ. ತಿಂಡಿ ಮಾಡುವಾಗ ಈ ಗುರುತುಗಳೇ ದಾರಿ ತೋರಿಸುತ್ತವೆ. ಮೊದಲ ಸಲ ಮಾಡುವವರಿಗೆ ಹತ್ತು ಹನ್ನೆರಡು ಮನೆ ಸಾಕು. ಮೂವತ್ತು ಮನೆ ಬರೆದು ದಣಿದು, ಕೊನೆಗೆ ಬೇಕರಿಯ ಪೊಟ್ಟಣ ಹಂಚುವುದಕ್ಕಿಂತ ಹನ್ನೆರಡು ಮನೆಗೆ ನೀವೇ ಹೋಗಿ ಐದು ನಿಮಿಷ ಕೂತು ಬರುವುದು ಮೇಲು.

ಆಗಮನ ಕಾಲ: ನಾಲ್ಕು ಮೇಣದಬತ್ತಿ, ಒಂದು ಹಿಡಿ ಬೈಹುಲ್ಲು

ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಅವಧಿಗೆ ಆಗಮನ ಕಾಲ ಎನ್ನುತ್ತಾರೆ. ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರ ನಡುವೆ ಬರುತ್ತದೆ. ಇಗರ್ಜಿಯಲ್ಲಿ ಗುರುಗಳು ನೇರಳೆ ಬಣ್ಣದ ಉಡುಪು ಧರಿಸುತ್ತಾರೆ. ಭಾನುವಾರದ ಪೂಜೆಯಲ್ಲಿ ಎಂದಿನಂತೆ ಹಾಡುವ ಮಹಿಮೆಯ ಗೀತೆಯನ್ನು ಈ ನಾಲ್ಕು ವಾರ ಹಾಡುವುದಿಲ್ಲ. ಕಾಯುವ ಕಾಲ ಇದು.

ಮನೆಯಲ್ಲಿ ಮಾಡಬೇಕಾದದ್ದು ಸುಲಭ. ಅಗಲದ ತಟ್ಟೆಯಲ್ಲಿ ಹಸಿರೆಲೆಯ ವೃತ್ತ ಮಾಡಿ. ಕರಾವಳಿಯಲ್ಲಿ ಗಾಳಿಮರದ ಸಣ್ಣ ಟೊಂಗೆ ಸಿಗುತ್ತದೆ, ಅದಿಲ್ಲದಿದ್ದರೆ ಕ್ರೋಟನ್ ಎಲೆಯೂ ನಡೆಯುತ್ತದೆ. ಅದರಲ್ಲಿ ಮೂರು ನೇರಳೆ, ಒಂದು ಗುಲಾಬಿ ಬಣ್ಣದ ಮೇಣದಬತ್ತಿ ನಿಲ್ಲಿಸಿ. ವಾರಕ್ಕೊಂದು ಹೆಚ್ಚಿಸುತ್ತ ಹಚ್ಚಬೇಕು. ಗುಲಾಬಿ ಬಣ್ಣದ್ದು ಮೂರನೇ ಭಾನುವಾರಕ್ಕೆ, ಕಾಯುವಿಕೆ ಅರ್ಧ ದಾಟಿತೆಂಬ ಸಂತೋಷಕ್ಕೆ. ಎಲೆ ಒಣಗಿದ ಕೂಡಲೇ ಬದಲಿಸಿ, ಒಣಗಿದ ಗಾಳಿಮರದ ಎಳೆಗೆ ಬೆಂಕಿ ಬೇಗ ಹಿಡಿಯುತ್ತದೆ. ಬತ್ತಿ ಉರಿಯುವಾಗ ಯಾರಾದರೂ ಪಕ್ಕದಲ್ಲಿರಲಿ.

ಮಕ್ಕಳಿರುವ ಮನೆಯಲ್ಲಿ ಇನ್ನೊಂದು ಕ್ರಮ ಇಟ್ಟುಕೊಳ್ಳಬಹುದು. ಖಾಲಿ ಪೆಟ್ಟಿಗೆಯೊಂದನ್ನು ತೊಟ್ಟಿಲ ಹಾಗೆ ಇಡಿ, ಪಕ್ಕದಲ್ಲಿ ಒಂದು ಹಿಡಿ ಬೈಹುಲ್ಲು. ಯಾರಿಗಾದರೂ ಉಪಕಾರ ಮಾಡಿದ ದಿನ ಒಂದು ಎಳೆ ಹುಲ್ಲನ್ನು ತೊಟ್ಟಿಲಿಗೆ ಹಾಕಬೇಕು, ಏನು ಮಾಡಿದೆ ಎಂದು ಯಾರಿಗೂ ಹೇಳಬಾರದು. 24ರ ರಾತ್ರಿ ಬಾಲಯೇಸುವಿಗೆ ಅದೇ ಹಾಸಿಗೆ. ನಮ್ಮ ಮನೆಯಲ್ಲಿ ದೊಡ್ಡವರೂ ಹುಲ್ಲು ಹಾಕುತ್ತೇವೆ.

ಗೋದಲಿ: ರಾಗಿ ಬಿತ್ತುವುದರಿಂದ ಶುರು

ಗೋದಲಿ ಎಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿ. ಇಟಲಿಯ ಗ್ರೆಚ್ಚೋ ಎಂಬ ಹಳ್ಳಿಯಲ್ಲಿ 1223ರ ಕ್ರಿಸ್ಮಸ್ ರಾತ್ರಿ ಅಸಿಸಿಯ ಸಂತ ಫ್ರಾನ್ಸಿಸ್ ನಿಜವಾದ ಹುಲ್ಲು, ಎತ್ತು, ಕತ್ತೆಯನ್ನು ತರಿಸಿ ಬೆತ್ಲೆಹೇಮಿನ ದೃಶ್ಯವನ್ನು ಜನರ ಕಣ್ಣೆದುರು ನಿಲ್ಲಿಸಿದರು. ಮನೆಮನೆಯ ಗೋದಲಿಗೆ ಅದೇ ಮೂಲವೆನ್ನುತ್ತಾರೆ. ಬಡತನದಲ್ಲಿ, ಬೇರೆಯವರ ಕೊಟ್ಟಿಗೆಯಲ್ಲಿ ಒಂದು ಮಗು ಹುಟ್ಟಿತು ಎಂಬುದನ್ನು ಓದುಬರಹ ಗೊತ್ತಿಲ್ಲದವರೂ ಕಣ್ಣಾರೆ ಕಾಣಲಿ ಎಂಬುದು ಅವರ ಆಸೆ. ಆದ್ದರಿಂದ ಗೋದಲಿಯನ್ನು ಅರಮನೆಯಂತೆ ಸಿಂಗರಿಸುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಮಣ್ಣು, ಹುಲ್ಲು, ಗೆರಟೆ (ತೆಂಗಿನ ಚಿಪ್ಪು) ಇದ್ದರೆ ಅದಕ್ಕೊಂದು ಸತ್ಯ ಇರುತ್ತದೆ.

ಕೆಲಸ ಡಿಸೆಂಬರ್ 10ರ ಸುಮಾರಿಗೆ ಬೀಜದಿಂದ ಶುರುವಾಗಬೇಕು. ಗೋದಲಿಯ ಸುತ್ತ ಹಸಿರು ಗದ್ದೆ ಬೇಕಲ್ಲ. ಒಂದು ಮುಷ್ಟಿ ರಾಗಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಬಟ್ಟೆಯಲ್ಲಿ ಕಟ್ಟಿಡಿ. ಮೊಳಕೆ ಮೂಡುತ್ತಿದ್ದಂತೆ ತೂತು ಮಾಡಿದ ಗೆರಟೆ ಅಥವಾ ಹಳೆಯ ತಟ್ಟೆಯಲ್ಲಿ ಒಂದಂಗುಲ ಮಣ್ಣು ಹರಡಿ, ಒತ್ತೊತ್ತಾಗಿ ಬಿತ್ತಿ. ದಿನಕ್ಕೆರಡು ಸಲ ನೀರು ಚಿಮುಕಿಸಿದರೆ ಸಾಕು, ಸುರಿದರೆ ಬೀಜ ಒಂದೆಡೆ ಗುಡ್ಡೆಯಾಗುತ್ತದೆ. ಹಬ್ಬಕ್ಕೆ ಎರಡು ಮೂರು ಅಂಗುಲದ ಎಳೆ ಹಸಿರು ಎದ್ದು ನಿಂತಿರುತ್ತದೆ. ಭತ್ತ ಬಿತ್ತುವವರು ನಾಲ್ಕು ದಿನ ಮುಂಚೆ ಶುರು ಮಾಡಬೇಕು. ಮರೆತುಹೋಗಿ 17ನೇ ತಾರೀಕು ಬಂದಿದ್ದರೆ ಮೆಂತ್ಯೆ ಬಿತ್ತಿ, ಅದು ಬೇಗ ಬರುತ್ತದೆ.

ಜಾಗ ಮನೆಯ ಒಂದು ಮೂಲೆಯಾಗಲಿ, ಪ್ಲಗ್ ಪಾಯಿಂಟ್ ಹತ್ತಿರವಿರಲಿ. ಪುಸ್ತಕ ಅಥವಾ ರಟ್ಟಿನ ಪೆಟ್ಟಿಗೆಗಳನ್ನು ಏರುಪೇರಾಗಿ ಜೋಡಿಸಿ, ಅದರ ಮೇಲೆ ಮುದುಡಿದ ಕಂದು ಕಾಗದ ಅಥವಾ ಗೋಣಿ ಹೊದೆಸಿದರೆ ಗುಡ್ಡ ತಯಾರು. ಗುಡ್ಡದ ಬುಡದಲ್ಲಿ ಕೊಟ್ಟಿಗೆ: ಅಡಿಕೆ ಹಾಳೆಯ ಮಾಡು, ತೆಂಗಿನ ಕಡ್ಡಿಯ ಗೋಡೆ. ಕೆಂಪು ಮಣ್ಣಿನ ದಾರಿ ಹಾಕಿ. ಕೆರೆಗೆ ಒಂದು ಕನ್ನಡಿ ಚೂರು ಸಾಕು, ಅದರ ಅಂಚನ್ನು ಮರಳಿನಿಂದ ಮುಚ್ಚಿದರೆ ಮಕ್ಕಳ ಕೈಗೂ ತಾಗುವುದಿಲ್ಲ. ನಾವು ಚಿಕ್ಕವರಿದ್ದಾಗ ಗೋದಲಿಯ ಗದ್ದೆಯಲ್ಲಿ ಒಂದು ಜೋಡಿ ಮಣ್ಣಿನ ಕೋಣವೂ ಇರುತ್ತಿತ್ತು. ಬೆತ್ಲೆಹೇಮಿನಲ್ಲಿ ಕೋಣವೆಲ್ಲಿಯದು ಎಂದು ಯಾರೂ ಕೇಳಲಿಲ್ಲ. ನಮ್ಮ ಊರಿನಲ್ಲೇ ಯೇಸು ಹುಟ್ಟಿದ್ದರೆ ಹೀಗೆಯೇ ಇರುತ್ತಿತ್ತು ಎಂದು ಅಪ್ಪ ಹೇಳುತ್ತಿದ್ದರು.

ಗೊಂಬೆಗಳನ್ನು ಇಡುವುದಕ್ಕೂ ಒಂದು ಕ್ರಮವಿದೆ. ಮರಿಯಮ್ಮ, ಜೋಸೆಫ್, ಕುರುಬರು, ಕುರಿಗಳನ್ನು ಮೊದಲೇ ಇಡಬಹುದು. ಮಗುವಿನ ಜಾಗ ಖಾಲಿ ಇರಲಿ. ನಕ್ಷತ್ರದ ಜಾಡು ಹಿಡಿದು ಮಗುವನ್ನು ಕಾಣಲು ಬಂದ ಮೂವರು ಜೋಯಿಸರನ್ನು (ಮೂರು ರಾಯರೆಂದೂ ಕರೆಯುತ್ತಾರೆ) ಕೊಟ್ಟಿಗೆಯ ಹತ್ತಿರ ಈಗಲೇ ತರಬೇಡಿ. ಕೋಣೆಯ ಇನ್ನೊಂದು ಮೂಲೆಯಲ್ಲಿ, ಕಪಾಟಿನ ಮೇಲೋ ಕಿಟಕಿಯ ದಂಡೆಯ ಮೇಲೋ ನಿಲ್ಲಿಸಿ, ಕ್ರಿಸ್ಮಸ್ ಕಳೆದ ಮೇಲೆ ದಿನಕ್ಕಿಷ್ಟು ಮುಂದೆ ಸರಿಸಿ. ಅವರು ಮುಟ್ಟುವುದು ಜನವರಿ 6ರ ಮೂರು ರಾಯರ ಹಬ್ಬಕ್ಕೆ. ಬೆಳಗೆದ್ದು ಒಂಟೆಯನ್ನು ಒಂದು ಗೇಣು ಸರಿಸುವ ಕೆಲಸಕ್ಕೆ ನಮ್ಮ ಮನೆಯಲ್ಲಿ ಸರದಿ ಹಾಕಬೇಕಾಗಿದೆ.

ನಕ್ಷತ್ರ ಕಟ್ಟುವುದು

ಅಂಗಡಿಯ ನಕ್ಷತ್ರ ಕೆಟ್ಟದ್ದೇನಲ್ಲ. ಆದರೆ ಒಂದು ಭಾನುವಾರವನ್ನು ನಾಲ್ಕು ಮನೆಯ ಮಕ್ಕಳೊಂದಿಗೆ ನಕ್ಷತ್ರ ಕಟ್ಟಲು ಇಟ್ಟುಕೊಂಡು ನೋಡಿ. ಬೇಕಾದದ್ದು ಎರಡೂವರೆ ಅಡಿ ಉದ್ದದ, ಸಮನಾಗಿ ಸೀಳಿದ ಹತ್ತು ಬಿದಿರಿನ ಕಡ್ಡಿ, ಆರಂಗುಲದ ಐದು ತುಂಡು, ನೂಲು, ಗಾಳಿಪಟದ ಕಾಗದ, ಮೈದಾ ಅಂಟು.

ಪೆನ್ನು ಎತ್ತದೆ ಐದು ಗೆರೆಯಲ್ಲಿ ನಕ್ಷತ್ರ ಬರೆಯುತ್ತೇವಲ್ಲ, ಅದೇ ರೀತಿ ಐದು ಕಡ್ಡಿಗಳನ್ನು ನೆಲದ ಮೇಲೆ ಜೋಡಿಸಿ ತುದಿಗಳನ್ನು ಕಟ್ಟಿ. ಇನ್ನೈದು ಕಡ್ಡಿಯಿಂದ ಅಷ್ಟೇ ಗಾತ್ರದ ಇನ್ನೊಂದು. ಒಂದರ ಮೇಲೊಂದಿಟ್ಟು ಐದೂ ತುದಿಗಳನ್ನು ಬಿಗಿಯಾಗಿ ಕಟ್ಟಿದ ಮೇಲೆ, ನಡುವೆ ಕಡ್ಡಿಗಳು ಒಂದನ್ನೊಂದು ದಾಟುವ ಐದು ಕಡೆ ಆರಂಗುಲದ ತುಂಡುಗಳನ್ನು ಎರಡು ಚೌಕಟ್ಟುಗಳ ನಡುವೆ ನೆಟ್ಟಗೆ ನಿಲ್ಲಿಸಿ ಕಟ್ಟಿ. ನಕ್ಷತ್ರ ಉಬ್ಬಿ ನಿಲ್ಲುತ್ತದೆ. ಈ ಹೊತ್ತಿಗೆ ಮಕ್ಕಳು ಕೂಗಿಕೊಳ್ಳದೆ ಇರುವುದಿಲ್ಲ.

ಕಾಗದದ ಲೆಕ್ಕ: ಮುಂದೆ ಐದು ತ್ರಿಕೋನ, ಒಂದು ಪಂಚಕೋನ, ಹಿಂದೆಯೂ ಅಷ್ಟೇ, ಬದಿಗಳಿಗೆ ಹತ್ತು ಸಪೂರ ತ್ರಿಕೋನ. ಬದಿಯ ಒಂದು ತ್ರಿಕೋನಕ್ಕೆ ಕಾಗದ ಹಚ್ಚದೆ ಬಿಡಿ, ಬಲ್ಬು ಇಳಿಸುವ ದಾರಿ ಅದು. ಒಳಗೆ 5 ವ್ಯಾಟಿನ ಎಲ್‌ಇಡಿ ಬಲ್ಬು ಸಾಕು. ಹಳೆಯ ಕಾಲದ ಬಿಸಿಯಾಗುವ ಬಲ್ಬು ಬೇಡವೇ ಬೇಡ, ಕಾಗದ ಹತ್ತಿಕೊಳ್ಳುತ್ತದೆ. ವಯರಿಗೆ ಜೋಡಣೆ ಹಾಕಿದ್ದರೆ ಇನ್ಸುಲೇಷನ್ ಟೇಪು ಸುತ್ತಿ. ಡಿಸೆಂಬರಿನ ರಾತ್ರಿ ಮಂಜು ಬಿದ್ದು ಅಂಟು ಬಿಟ್ಟುಕೊಳ್ಳುತ್ತದೆ, ಆದ್ದರಿಂದ ಮಾಡಿನ ಕೆಳಗೆ ತೂಗುಹಾಕಿ.

ಕುಸ್ವಾರ್

ಮಂಗಳೂರು ಕಡೆಯಲ್ಲಿ ಕ್ರಿಸ್ಮಸ್ ತಿಂಡಿಗಳ ಒಟ್ಟು ಹೆಸರು ಕುಸ್ವಾರ್. ಗೋವಾದಲ್ಲಿ ಹೀಗೆ ಹಂಚುವ ತಿಂಡಿಗೆ ಕೊನ್ಸ್ವಾದ್ ಎಂಬ ಹೆಸರಿದೆ. ಪೋರ್ಚುಗೀಸ್ ಭಾಷೆಯಲ್ಲಿ ಕ್ರಿಸ್ಮಸ್ ಮುನ್ನಾದಿನದ ರಾತ್ರಿಯೂಟಕ್ಕೆ ಆ ಹೆಸರು. ಹೆಸರು ಹೊರಗಿನಿಂದ ಬಂದರೂ ತಟ್ಟೆಯಲ್ಲಿರುವುದು ನಮ್ಮ ತೆಂಗು, ಎಳ್ಳು, ಅಕ್ಕಿ, ಬೆಲ್ಲ. ನೆವ್ರಿ, ಕಿಡಿಯೊ, ಗುಳಿಯೊ, ತುಕ್ಡಿ, ಗುಲಾಬಿ ಹೂವಿನ ಅಚ್ಚಿನ ಕೊಕ್ಕಿಸಾಂ, ಎಳ್ಳಿನ ಲಾಡು, ಅಕ್ಕಿ ಉಂಡೆ, ಪೇರಳೆ ಹಣ್ಣಿನ ಪೆರಾದ್, ಚಕ್ಕುಲಿ, ಇವೆಲ್ಲದರ ನಡುವೆ ಪ್ಲಮ್ ಕೇಕಿನ ಒಂದು ತುಂಡು.

ಎಲ್ಲವನ್ನೂ ಮಾಡಲು ಹೊರಡಬೇಡಿ. ಮೊದಲ ವರ್ಷಕ್ಕೆ ನಾಲ್ಕು ಬಗೆ: ಕಿಡಿಯೊ, ನೆವ್ರಿ, ತುಕ್ಡಿ, ಚಕ್ಕುಲಿ. ನೆವ್ರಿ ಹೆಚ್ಚುಕಡಿಮೆ ನಮ್ಮ ಕರ್ಜಿಕಾಯಿಯೇ, ಒಳಗೆ ಹುರಿದ ಎಳ್ಳು, ಒಣಕೊಬ್ಬರಿ, ಸಕ್ಕರೆ, ಏಲಕ್ಕಿ, ದ್ರಾಕ್ಷಿ. ತುಕ್ಡಿ ಶಂಕರಪೋಳಿಯ ತಂಗಿ. ಇವೆರಡೂ ಚಕ್ಕುಲಿಯೂ ನಿಮ್ಮ ಮನೆಯಲ್ಲಿ ಯಾರಿಗಾದರೂ ಗೊತ್ತೇ ಇರುತ್ತದೆ, ಹಾಗಾಗಿ ಕಿಡಿಯೊ ಒಂದನ್ನು ವಿವರವಾಗಿ ಹೇಳುತ್ತೇನೆ.

ಲೆಕ್ಕ ಹೀಗೆ. ಹನ್ನೆರಡು ಮನೆ, ಮನೆಗೆ 400 ಗ್ರಾಂ ಎಂದರೆ ಸುಮಾರು 5 ಕಿಲೋ. ನಿಮ್ಮ ಮನೆಗೂ ಬಂದುಹೋಗುವವರಿಗೂ ಇನ್ನೆರಡು ಕಿಲೋ. ಅರ್ಧ ಕಿಲೋ ಮೈದಾದಿಂದ ಸಕ್ಕರೆ ಹಿಡಿದ ಮೇಲೆ ಮುಕ್ಕಾಲು ಕಿಲೋದಷ್ಟು ಕಿಡಿಯೊ ಆಗುತ್ತದೆ.

ಅರ್ಧ ಕಿಲೋ ಮೈದಾಕ್ಕೆ ಚಿಟಿಕೆ ಉಪ್ಪು, ಎರಡು ಚಮಚ ಸಕ್ಕರೆ ಪುಡಿ ಸೇರಿಸಿ, ಎರಡು ದೊಡ್ಡ ಚಮಚ ಬಿಸಿ ತುಪ್ಪ ಹಾಕಿ ಬೆರಳಿನಿಂದ ಉಜ್ಜಿ. ಹಿಟ್ಟನ್ನು ಮುಷ್ಟಿಯಲ್ಲಿ ಹಿಡಿದರೆ ಮುದ್ದೆ ನಿಲ್ಲಬೇಕು. ಒಂದು ಮೊಟ್ಟೆ ಒಡೆದು ಹಾಕಿ, ದಪ್ಪ ತೆಂಗಿನಹಾಲನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ ಕಲಸಿ. ಒಟ್ಟು 200 ಮಿಲಿಲೀಟರ್ ಆಸುಪಾಸು ಬೇಕಾದೀತು, ಮೊಟ್ಟೆ ಬಿಟ್ಟರೆ ಇನ್ನೂ ಸ್ವಲ್ಪ ಹೆಚ್ಚು. ಚಪಾತಿ ಹಿಟ್ಟಿಗಿಂತ ಚೂರು ಗಟ್ಟಿ ಇರಲಿ. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ.

ಇನ್ನು ಎಲ್ಲರನ್ನೂ ಕರೆಯಿರಿ. ಗೋಲಿಗಿಂತ ಚಿಕ್ಕ ಉಂಡೆ ಮಾಡಿ, ಫೋರ್ಕಿನ ಹಿಂಬದಿಗೆ ಒತ್ತಿ, ಹೆಬ್ಬೆರಳಿನಿಂದ ಸುರುಳಿ ಸುತ್ತಿ ಇಳಿಸಬೇಕು. ಹೊಸ ಬಾಚಣಿಗೆಯನ್ನು ಇದಕ್ಕೆಂದೇ ಎತ್ತಿಡುವ ಮನೆಗಳೂ ಇವೆ. ಗೆರೆಗೆರೆಯ ಸಣ್ಣ ಹುಳದ ಹಾಗೆ ಕಾಣುತ್ತದೆ. ಕೊಂಕಣಿಯಲ್ಲಿ ಕಿಡಿಯೊ ಎಂದರೆ ಹುಳಗಳೆಂದೇ ಅರ್ಥ. ಒಬ್ಬರೇ ಕೂತರೆ ಇದು ಮುಗಿಯದ ಕೆಲಸ. ಆರೇಳು ಜನ ಚಾಪೆಯ ಮೇಲೆ ಸುತ್ತ ಕೂತರೆ ಎರಡು ಗಂಟೆ. ನನ್ನ ಮಟ್ಟಿಗೆ ಹಬ್ಬ ನಿಜವಾಗಿ ಶುರುವಾಗುವುದು ಈ ಎರಡು ಗಂಟೆಯಲ್ಲೇ. ತೀರಿಹೋದ ಅಜ್ಜಿಯ ಕಥೆ, ಮುಂಬೈಗೆ ಹೋದ ಮಾವನ ಕಥೆ, ಯಾರ ಮನೆಯ ಕೊಕ್ಕಿಸಾಂ ಹೇಗೆ ಅಚ್ಚಿಗೇ ಅಂಟಿಕೊಂಡಿತು ಎಂಬುದೆಲ್ಲ ಬರುವುದು ಕೈಗೆ ಕೆಲಸವಿದ್ದಾಗ. ಪಕ್ಕದ ಮನೆಯವರನ್ನೂ ಕರೆಯಿರಿ. ಉಂಡೆ ಸುತ್ತಲು ಬಂದವರು ಮುಂದಿನ ವರ್ಷ ಕರೆಯದೆಯೇ ಬರುತ್ತಾರೆ.

ಸುರುಳಿಗಳನ್ನು ಬಟ್ಟೆಯ ಮೇಲೆ ಅರ್ಧ ಗಂಟೆ ಆರಲು ಬಿಟ್ಟು, ನಡುಉರಿಯಲ್ಲಿ ಹೊಂಬಣ್ಣಕ್ಕೆ ಕರಿಯಿರಿ. ಉರಿ ಜೋರಾದರೆ ಹೊರಗೆ ಕೆಂಪಾಗಿ ಒಳಗೆ ಹಸಿ ಉಳಿಯುತ್ತದೆ. ಪೂರ್ತಿ ತಣಿದ ಮೇಲೆ ಒಂದು ಲೋಟ ಸಕ್ಕರೆಗೆ ಅರ್ಧ ಲೋಟ ನೀರು ಹಾಕಿ ಎರಡೆಳೆ ಪಾಕ ಮಾಡಿ, ಒಲೆಯಿಂದ ಇಳಿಸಿ, ಕಿಡಿಯೊ ಸುರಿದು ಬಿಡದೆ ತಿರುವಿ. ಪಾಕ ಬಿಳಿಯಾಗಿ ಮೈಗೆ ಹಿಡಿದು ಒಣಗುತ್ತದೆ. ಒಂದೆಳೆಗೇ ಇಳಿಸಿದರೆ ಅಂಟಂಟಾಗಿ ಉಳಿಯುತ್ತದೆ. ಹಾಗಾದರೆ ಗಾಬರಿ ಬೇಡ, ಬಾಣಲೆಯನ್ನು ಮತ್ತೆ ಸಣ್ಣ ಉರಿಯ ಮೇಲಿಟ್ಟು ತಿರುವಿದರೆ ಸರಿಹೋಗುತ್ತದೆ.

ಕರಿಯುವ ಕೆಲಸವನ್ನು ಡಿಸೆಂಬರ್ 12ರಿಂದ 22ರ ನಡುವೆ ಹರಡಿಕೊಳ್ಳಿ. ತುಕ್ಡಿ, ಚಕ್ಕುಲಿ ಮೊದಲು, ಕಿಡಿಯೊ ಆಮೇಲೆ, ನೆವ್ರಿ ಕೊನೆಗೆ. ಬಿಸಿ ಇರುವಾಗ ಡಬ್ಬಿ ಮುಚ್ಚಿದರೆ ಮೆತ್ತಗಾಗುತ್ತದೆ. ಸಿಹಿ ಖಾರ ಒಂದೇ ಡಬ್ಬಿಗೆ ಹಾಕಬೇಡಿ.

ಈಗ ಪಟ್ಟಿಯ ಗುರುತುಗಳನ್ನು ನೋಡಿ. ಮೊಟ್ಟೆ ತಿನ್ನದ ಮನೆಗಳಿಗೆ ಮೊದಲ ದಿನವೇ, ಹೊಸ ಎಣ್ಣೆಯಲ್ಲಿ, ಮೊಟ್ಟೆ ಹಾಕದೆ ಒಂದು ಪಾಲು ಬೇರೆಯಾಗಿ ಮಾಡಿ, ಬೇರೆ ಡಬ್ಬಿಯಲ್ಲಿಡಿ. ಆ ತಟ್ಟೆಗೆ ಕೇಕು ಬೇಡ. ಕೊಡುವಾಗ "ಇದರಲ್ಲಿ ಮೊಟ್ಟೆ ಇಲ್ಲ" ಎಂದು ಬಾಯಿಬಿಟ್ಟು ಹೇಳಿ, ಅವರು ಕೇಳಲು ಸಂಕೋಚಪಡುತ್ತಾರೆ. ಪ್ಲಮ್ ಕೇಕಿನ ಒಣಹಣ್ಣುಗಳನ್ನು ರಮ್ಮಿನಲ್ಲಿ ನೆನೆಸಿದ್ದರೆ ಅದು ಮುಸ್ಲಿಂ ನೆರೆಯವರ ಮನೆಗೆ ಹೋಗಬಾರದು. ನಾವು ಈಗ ಎಲ್ಲರಿಗೂ ಒಂದೇ ಕೇಕು ಆಗಲೆಂದು ಹಣ್ಣುಗಳನ್ನು ಕಿತ್ತಳೆ ರಸದಲ್ಲಿ ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟು ನೆನೆಸುತ್ತೇವೆ. ಅದು ತಿಂಗಳುಗಟ್ಟಲೆ ಉಳಿಯುವ ಕೇಕಲ್ಲ, ಆದರೆ ಎಲ್ಲರೂ ತಿನ್ನಬಹುದು. ಸಕ್ಕರೆ ಕಾಯಿಲೆಯವರಿಗೆ ಚಕ್ಕುಲಿ, ಹುರಿದ ಗೇರುಬೀಜ, ಒಂದೆರಡು ಹಣ್ಣು.

ತಟ್ಟೆ ಒಯ್ಯುವ ಕೆಲಸ ಮಕ್ಕಳದ್ದು. ಪ್ಲಾಸ್ಟಿಕ್ ಪೊಟ್ಟಣದಲ್ಲಿ ಬೇಡ, ಮನೆಯ ತಟ್ಟೆಯಲ್ಲೇ ಇಟ್ಟು ಬಟ್ಟೆ ಮುಚ್ಚಿ ಕಳಿಸಿ. ತಟ್ಟೆ ತಿರುಗಿ ಬರಬೇಕು, ಅದೇ ಅದರ ಉಪಯೋಗ. ನಮ್ಮೂರಿನಲ್ಲಿ ಖಾಲಿ ತಟ್ಟೆ ಹಿಂತಿರುಗಿಸುವವರಿಲ್ಲ. "ಬಾಯೀ, ತಟ್ಟೆ ಕೊಂಡೋಗಲಿಕ್ಕೆ ಬನ್ನಿ" ಎಂದು ಕೆಳಗಿನ ಮನೆಯ ಅಕ್ಕ ಅಮ್ಮನನ್ನು ಕರೆಯುತ್ತಿದ್ದರು. ಅದರಲ್ಲಿ ಒಂದು ಮುಷ್ಟಿ ಸಕ್ಕರೆಯೋ ಒಂದು ಮೊಳ ಮಲ್ಲಿಗೆಯೋ ಇರುತ್ತಿತ್ತು. ದೀಪಾವಳಿಗೆ, ಈದ್‌ಗೆ ಅದೇ ದಾರಿಯಲ್ಲಿ ಬೇರೆ ತಟ್ಟೆಗಳು ನಮ್ಮ ಮನೆಗೆ ಬರುತ್ತಿದ್ದವು.

ಹಾಡಿಕೊಂಡು ಹೋಗುವುದು

ಡಿಸೆಂಬರ್ ನಡುವಿನಿಂದ ಕ್ಯಾರಲ್ ತಂಡಗಳು ಮನೆಮನೆಗೆ ಬರುತ್ತವೆ. ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಪರಂಪರೆಯ ಸಭೆಗಳಲ್ಲಿ ಇಂದಿಗೂ ಕನ್ನಡ, ತುಳು ಗೀತೆಗಳ ಹಾಡಿಕೆ ಬಲವಾಗಿದೆ. ಕೆಥೊಲಿಕ್ ತಂಡಗಳು ಕೊಂಕಣಿಯನ್ನೂ ಸೇರಿಸುತ್ತವೆ. ನೀವೇ ತಂಡ ಕಟ್ಟುವುದಾದರೆ ಎಂಟು ಹತ್ತು ಜನ, ಮೂರು ಹಾಡು, ಒಂದು ಗಿಟಾರು ಅಥವಾ ದೋಲು ಸಾಕು. ಮೂರರಲ್ಲಿ ಒಂದಾದರೂ ಕನ್ನಡದ್ದಿರಲಿ, ಕೇಳುವವರೂ ದನಿಗೂಡಿಸುತ್ತಾರೆ. ಬರುತ್ತೇವೆಂದು ಮೊದಲೇ ತಿಳಿಸಿ, ಒಂದು ಮನೆಗೆ ಹತ್ತು ನಿಮಿಷ. ಮೈಕು ಬೇಡ, ರಾತ್ರಿ 10ರ ನಂತರ ಧ್ವನಿವರ್ಧಕಕ್ಕೆ ಕಾನೂನಿನಲ್ಲೂ ಸಾಮಾನ್ಯವಾಗಿ ಅವಕಾಶವಿಲ್ಲ. ಕಾಣಿಕೆ ಡಬ್ಬಿ ಹಿಡಿದಿದ್ದರೆ ಹಣ ಯಾರಿಗೆ ಹೋಗುತ್ತದೆಂದು ಹಾಡುವ ಮುಂಚೆ ಹೇಳಿ, ಎಷ್ಟಾಯಿತೆಂದು ಹಬ್ಬದ ಮೇಲೆ ಆ ಮನೆಗಳಿಗೆ ತಿಳಿಸಿ.

ಕೊಡುವುದು

ಒಂದು ವರ್ಷ ಕ್ರಿಸ್ಮಸ್ ದಿನ ನಾವು ದೊಡ್ಡ ಕೇಕು ಹಿಡಿದು ಒಂದು ವೃದ್ಧಾಶ್ರಮಕ್ಕೆ ಹೋದೆವು. ಮೇಜಿನ ಮೇಲೆ ಆಗಲೇ ಏಳೆಂಟು ಕೇಕುಗಳಿದ್ದವು. ಅಲ್ಲಿನ ಹಿರಿಯರೊಬ್ಬರು ನನ್ನ ಕೈ ಹಿಡಿದು, "ಮಗಾ, ಜನವರಿಯಲ್ಲಿ ಬನ್ನಿ, ಆಗ ಯಾರೂ ಬರುವುದಿಲ್ಲ" ಎಂದರು. ನಾವು ಕೊಡುವ ರೀತಿ ಅಂದಿನಿಂದ ಬದಲಾಯಿತು.

ಮೊದಲು ಫೋನು ಮಾಡಿ ಕೇಳಿ. ಹಾಸಿಗೆ ಹೊದಿಕೆ, ದೊಡ್ಡವರ ಡಯಾಪರ್, ಅಡುಗೆ ಎಣ್ಣೆ, ಔಷಧಿಯ ಬಿಲ್ಲು, ಹೀಗೆ ಅವರಿಗೆ ಬೇಕಾದದ್ದು ನಮಗೆ ಹೊಳೆಯದ ವಸ್ತುಗಳೇ. ಹಳೆ ಬಟ್ಟೆಯನ್ನು ಹಬ್ಬದ ಉಡುಗೊರೆಯೆಂದು ಕೊಡಬೇಡಿ. ಮಕ್ಕಳ ಆಶ್ರಮಕ್ಕೆ ಕೊಡುವಾಗ ಎಲ್ಲ ಮಕ್ಕಳಿಗೂ ಒಂದೇ ತೂಕದ ವಸ್ತು ಇರಲಿ, ನೋಡಿಕೊಳ್ಳುವವರ ಕೈಗೆ ಕೊಟ್ಟುಬಿಡಿ. ಮಗುವನ್ನು ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆಯಬೇಡಿ. ದಯವಿಟ್ಟು ಬೇಡ. ಆ ಮಗು ದೊಡ್ಡದಾಗಿ ಆ ಫೋಟೋ ನೋಡುವ ದಿನವನ್ನು ಯೋಚಿಸಿ.

ಡಿಸೆಂಬರ್ 6 ಸಂತ ನಿಕೊಲಾಸರ ಹಬ್ಬ. ಇವತ್ತಿನ ಕ್ರಿಸ್ಮಸ್ ತಾತನ ಮೂಲ ಅವರೇ, ಮೈರಾ ಪಟ್ಟಣದ ಬಿಷಪರು. ಮೂವರು ಹೆಣ್ಣುಮಕ್ಕಳ ಮದುವೆಗೆ ಹಣವಿಲ್ಲದೆ ಕಂಗೆಟ್ಟ ತಂದೆಯ ಮನೆಯೊಳಗೆ ಅವರು ರಾತ್ರಿ ಹೊತ್ತು, ಯಾರಿಗೂ ಕಾಣದ ಹಾಗೆ, ಚಿನ್ನದ ಗಂಟು ಎಸೆದು ಹೋದರೆಂದು ಕಥೆ. ಕಷ್ಟದಲ್ಲಿರುವ ಪರಿಚಿತರಿಗೆ ನೆರವಾಗಲು ಈ ದಿನ ಒಳ್ಳೆಯದು. ಶಾಲೆಯ ಬಾಕಿ ಫೀಸು, ಕಿರಾಣಿ ಅಂಗಡಿಯ ಸಾಲ ಇಂಥದ್ದನ್ನು ಅಲ್ಲೇ ಹೋಗಿ ಕಟ್ಟಿ, ಹೆಸರು ಹೇಳಬೇಡಿ ಎಂದು ಕೇಳಿಕೊಳ್ಳಬಹುದು. ಯಾರಿಗೆ ಕೊಡಬೇಕೆಂದು ತಿಳಿಯದಿದ್ದರೆ ಹತ್ತಿರದ ಚರ್ಚಿನಲ್ಲಿ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ಇದೆಯೇ ವಿಚಾರಿಸಿ. 1833ರಲ್ಲಿ ಪ್ಯಾರಿಸಿನಲ್ಲಿ ವಿದ್ಯಾರ್ಥಿಗಳು ಕಟ್ಟಿದ ಸಂಘ ಅದು, ಬಡವರ ಮನೆಗಳಿಗೆ ಸ್ವತಃ ಹೋಗಿ ಬರುವುದೇ ಅದರ ಮುಖ್ಯ ಕೆಲಸ.

ನಮ್ಮ ಮನೆಯಲ್ಲಿ ಕೆಲಸ ಮಾಡುವವರಿಗೆ ಕೊಡುವುದು ದಾನವಲ್ಲ, ಅದನ್ನು ಬೇರೆ ಲೆಕ್ಕದಲ್ಲಿಡಿ. ಬೋನಸ್ಸು 24ರ ಸಂಜೆ ಕೊಟ್ಟರೆ ಅವರ ಹಬ್ಬಕ್ಕೆ ಉಪಯೋಗವಿಲ್ಲ, 15ರ ಒಳಗೆ ಕವರಿನಲ್ಲಿ ಕೊಡಿ. ಕ್ರೈಸ್ತರಾಗಿದ್ದರೆ 24, 25 ಎರಡೂ ದಿನ ಸಂಬಳ ಸಹಿತ ರಜೆ ಕೊಡಿ.

ಊಟಕ್ಕೆ ಕರೆಯುವುದೂ ಕೊಡುವುದೇ. ಬೆಂಗಳೂರಿನಲ್ಲಿ, ಮಂಗಳೂರಿನಲ್ಲಿ ಮಿಜೋರಾಂ, ನಾಗಾಲ್ಯಾಂಡ್, ಮಣಿಪುರದಿಂದ ಬಂದು ಓದುವ, ದುಡಿಯುವ ಕ್ರೈಸ್ತ ಹುಡುಗ ಹುಡುಗಿಯರು ಎಷ್ಟೋ ಮಂದಿ ಇದ್ದಾರೆ. ಅವರ ಊರಿನಲ್ಲಿ ಇದು ವರ್ಷದ ದೊಡ್ಡ ಹಬ್ಬ, ರೈಲಿನಲ್ಲಿ ಹೋಗಿಬರಲು ರಜೆ ಸಾಲುವುದಿಲ್ಲ. ಪಾಳಿಯ ಮೇಲಿರುವ ನರ್ಸುಗಳ ಕಥೆಯೂ ಅದೇ. ನಮ್ಮ ಮನೆಗೆ ಒಂದು ವರ್ಷ ಬಂದ ಇಬ್ಬರು ಮಿಜೋರಾಂನ ಐಜ್ವಾಲಿನ ಹುಡುಗಿಯರು ಊಟವಾದ ಮೇಲೆ ತಮ್ಮ ಭಾಷೆಯಲ್ಲಿ ಎರಡು ಸ್ವರದಲ್ಲಿ ಹಾಡಿದರು. ಪಕ್ಕದ ಮನೆಯವರೆಲ್ಲ ಬಾಗಿಲು ತೆರೆದು ನಿಂತು ಕೇಳಿದರು.

ಸೂತಕದ ಮನೆಗೆ ಕುಸ್ವಾರ್ ಒಯ್ಯುವಾಗ ದೊಡ್ಡವರೇ ಹೋಗಿ. ಸಾವಾದ ವರ್ಷ ಆ ಮನೆಯವರು ಬಾಣಲೆ ಇಡದಿರಬಹುದು, ನಕ್ಷತ್ರ ಕಟ್ಟದಿರಬಹುದು. ಶುಭಾಶಯ ಹೇಳಬೇಕಾಗಿಲ್ಲ. ತಟ್ಟೆ ಇಟ್ಟು, ತೀರಿಹೋದವರ ಬಗ್ಗೆ ಒಂದೆರಡು ಮಾತಾಡಿ, ಅವರು ಕೊಟ್ಟ ಚಹಾ ಕುಡಿದು ಬನ್ನಿ.

24ರ ರಾತ್ರಿ

ಹೆಸರಿಗೆ ನಡುರಾತ್ರಿಯ ಪೂಜೆಯಾದರೂ ಈಗ ಹಲವು ಚರ್ಚುಗಳಲ್ಲಿ ಸಂಜೆ ಏಳೆಂಟು ಗಂಟೆಗೇ ಆಗುತ್ತದೆ, ಸಮಯ ಮೊದಲೇ ಕೇಳಿಕೊಳ್ಳಿ. ಅಡುಗೆಯನ್ನು ಮಧ್ಯಾಹ್ನದೊಳಗೆ ಮುಗಿಸಿ: ಇಡ್ಲಿಯಂಥ ‘ಸಣ್ಣ’ದ ಹಿಟ್ಟು ಹುದುಗಲು ಇಡುವುದು, ಮರುದಿನದ ಮಾಂಸಕ್ಕೆ ಮಂಗಳೂರು ಕಡೆಯ ಬಫಾತ್ ಮಸಾಲೆ ಹಚ್ಚುವುದು. ರಾತ್ರಿಗೆ ಗಂಜಿ ಚಟ್ನಿ ಸಾಕು.

ನಾಲ್ಕು ವಾರ ಸುಮ್ಮನಿದ್ದ ಮಹಿಮೆಯ ಗೀತೆ ಆ ರಾತ್ರಿ ಗಂಟೆಗಳ ಸದ್ದಿನೊಂದಿಗೆ ಏಳುತ್ತದೆ. ಬೇರೆ ಧರ್ಮದವರು ನೋಡಲು ಬಂದರೆ ಹಿಂದಿನ ಬೆಂಚಿನಲ್ಲಿ ಕೂರಬಹುದು, ಪರಮಪ್ರಸಾದ ಸ್ವೀಕರಿಸುವ ಸಾಲಿಗೆ ಮಾತ್ರ ಹೋಗಬೇಕಾಗಿಲ್ಲ.

ಮನೆಗೆ ಬಂದ ಕೂಡಲೇ ದೀಪವೆಲ್ಲ ಆರಿಸಿ, ನಕ್ಷತ್ರ ಒಂದನ್ನು ಉಳಿಸಿ. ಮನೆಯ ಅತಿ ಕಿರಿಯರ ಕೈಯಲ್ಲಿ ಬಾಲಯೇಸುವಿನ ಗೊಂಬೆ ಕೊಡಿ. ನಾಲ್ಕು ವಾರ ಕೂಡಿಸಿದ ಹುಲ್ಲಿನ ಮೇಲೆ ಅವರು ಅದನ್ನು ಮಲಗಿಸಲಿ. ಒಂದು ಹಾಡು, ಒಂದು ಪ್ರಾರ್ಥನೆ, ಮತ್ತೆ ದೀಪ ಹಾಕಿ ಕೇಕು ಕತ್ತರಿಸಿ.

ಎತ್ತಿಡುವಾಗ

ಗೋದಲಿಯನ್ನು 26ಕ್ಕೇ ಬಿಚ್ಚಬೇಡಿ, ಮೂರು ರಾಯರು ಇನ್ನೂ ದಾರಿಯಲ್ಲಿದ್ದಾರೆ. ನಮ್ಮ ದೇಶದಲ್ಲಿ ಅವರ ಹಬ್ಬವನ್ನು ಚರ್ಚಿನಲ್ಲಿ ಹತ್ತಿರದ ಭಾನುವಾರ ಆಚರಿಸುತ್ತಾರೆ, ಅಲ್ಲಿಯವರೆಗೆ ಇರಲಿ. ಆಮೇಲೆ ಗೊಂಬೆಗಳನ್ನು ಒಂದೊಂದಾಗಿ ಪತ್ರಿಕೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿ. ದೀಪದ ಸರವನ್ನು ರಟ್ಟಿಗೆ ಸುತ್ತಿದರೆ ಮುಂದಿನ ವರ್ಷ ಸಿಕ್ಕು ಬಿಡಿಸುವ ಕೆಲಸವಿಲ್ಲ. ರಾಗಿ ಪೈರನ್ನು ಮಣ್ಣು ಸಹಿತ ಹೂಕುಂಡಕ್ಕೆ ಹಾಕಿ. ಕರಿದುಳಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ.

ಪೆಟ್ಟಿಗೆ ಮುಚ್ಚುವ ಮುಂಚೆ ಬಾಗಿಲುಗಳ ಪಟ್ಟಿಯನ್ನು ಇನ್ನೊಮ್ಮೆ ತೆಗೆಯಿರಿ. ಎಷ್ಟು ಕಿಲೋ ಮೈದಾ ಸಾಕಾಯಿತು, ಯಾವುದು ಉಳಿಯಿತು, ಯಾವ ಮನೆ ಬಿಟ್ಟುಹೋಯಿತು ಎಂದು ಕೆಳಗೆ ಬರೆದು, ಗೊಂಬೆಗಳ ಮೇಲೆ ಇಡಿ. ವೃದ್ಧಾಶ್ರಮದ ಫೋನ್ ನಂಬರನ್ನು ಮಾತ್ರ ಪೆಟ್ಟಿಗೆಗೆ ಹಾಕಬೇಡಿ, ಜನವರಿಯ ಎರಡನೇ ಭಾನುವಾರ ಬೇಕಾಗುತ್ತದೆ.